ಬಳ್ಳಾರಿ ಸೀಮೆಯ ಆಕಾಶಮಾರ್ಗ: ಪುಸ್ ಮಾತ್‌ನಿಂದ ಎಂಬ್ರಾಯರ್‌ವರೆಗೆ

ಭಾರತೀಯ ಕಂಪನಿಯೊಂದು ನಡೆಸಿದ ಮೊದಲ ನಿಯತ ವಿಮಾನ ಸೇವೆ 1932ರ ಅಕ್ಟೋಬರ್ 15ರಂದು ಕರಾಚಿಯಲ್ಲಿ ಆರಂಭವಾಯಿತು. ಆ ಮಾರ್ಗದ ಮುಖ್ಯ ನಿಲುಗಡೆಗಳು ಅಹಮದಾಬಾದ್, ಮುಂಬಯಿ, ಬಳ್ಳಾರಿ ಮತ್ತು ಮದರಾಸು. ಬೆಂಗಳೂರಾಗಲಿ ಹೈದರಾಬಾದಾಗಲಿ ಆ ಪಟ್ಟಿಯಲ್ಲಿ ಇರಲಿಲ್ಲ. ಆಗ ಹೊಸಪೇಟೆ, ಹಂಪಿ ಮತ್ತು ಕಂಪ್ಲಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಪಕ್ಕದ ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. ತೊಂಬತ್ತು ವರ್ಷಗಳ ನಂತರ ಈ ನಾಲ್ಕೂ ಊರುಗಳಿಗೆ ಹತ್ತಿರದ ವಿಮಾನ ನಿಲ್ದಾಣವೆಂದರೆ ಸಂಡೂರು ತಾಲ್ಲೂಕಿನ ತೋರಣಗಲ್ಲು ಬಳಿಯ ವಿದ್ಯಾನಗರದ್ದು. ಈ ಎರಡು ಘಟ್ಟಗಳ ನಡುವೆ ಇಲ್ಲಿಗೆ ವಿಮಾನ ಬಂದದ್ದು, ನಿಂತದ್ದು, ಮತ್ತೆ ಬಂದದ್ದು ಎಲ್ಲವನ್ನೂ ತೀರ್ಮಾನಿಸಿದವು ಎರಡು ಸಂಗತಿಗಳು: ಆಯಾ ಕಾಲದ ಕಾರ್ಖಾನೆಗಳು ಎಷ್ಟು ದೊಡ್ಡ ವಿಮಾನ ಕಟ್ಟುತ್ತಿದ್ದವು ಎಂಬುದು ಮತ್ತು ಖಾಲಿ ಸೀಟಿನ ನಷ್ಟವನ್ನು ಯಾರು ಹೊರುತ್ತಿದ್ದರು ಎಂಬುದು. ಊರಿನ ಹೆಸರು, ಇತಿಹಾಸ, ಸಂಪತ್ತುಗಳಿಗೆ ಇದರಲ್ಲಿ ಸಿಕ್ಕ ಪಾಲು ಕಡಿಮೆ.

ಟಪಾಲು ಹೊತ್ತ ಪುಸ್ ಮಾತ್

ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ತರುತ್ತಿದ್ದ ಟಪಾಲು ಕರಾಚಿಗೆ ಬಂದು ಇಳಿಯುತ್ತಿತ್ತು. ಅದನ್ನು ದಕ್ಷಿಣಕ್ಕೆ ಮುಟ್ಟಿಸುವ ಗುತ್ತಿಗೆ ಟಾಟಾ ಸಂಸ್ಥೆಗೆ ಸಿಕ್ಕಿತು. ಕರಾಚಿಯಿಂದ ಮುಂಬಯಿಯ ಜುಹುವರೆಗೆ ಜೆ.ಆರ್.ಡಿ. ಟಾಟಾ ಸ್ವತಃ ವಿಮಾನ ನಡೆಸಿದರು. ಅಲ್ಲಿಂದ ಬಳ್ಳಾರಿಯ ಮೂಲಕ ಮದರಾಸಿಗೆ ಟಪಾಲು ಒಯ್ದವರು ಬ್ರಿಟಿಷ್ ವಾಯುಪಡೆಯ ಮಾಜಿ ಪೈಲಟ್ ನೆವಿಲ್ ವಿನ್ಸೆಂಟ್. ಈ ಸೇವೆಯ ಯೋಜನೆಯಲ್ಲೂ ಅವರ ಪಾಲು ದೊಡ್ಡದು.

ಬಳ್ಳಾರಿ ಈ ಮಾರ್ಗಕ್ಕೆ ಒದಗಿ ಬಂದುದಕ್ಕೆ ಭೂಗೋಳವೇ ಕಾರಣ. ಮುಂಬಯಿಯಿಂದ ಮದರಾಸಿಗೆ ನೇರ ಗೆರೆ ಎಳೆದರೆ ಬಳ್ಳಾರಿ ಅದರ ಹತ್ತಿರ, ಹೆಚ್ಚುಕಡಿಮೆ ನಡುದಾರಿಯಲ್ಲಿ ಬರುತ್ತದೆ. ಬಯಲು ಸೀಮೆ, ದಂಡು ನೆಲೆಸಿದ್ದ ಊರು, ರೈಲು ಸಂಪರ್ಕವೂ ಇತ್ತು. ವಿಮಾನಕ್ಕೆ ರೇಡಿಯೊ ಇರಲಿಲ್ಲ, ರಾತ್ರಿ ಹಾರಲು ದಾರಿದೀಪಗಳೂ ಇರಲಿಲ್ಲ. ಹಗಲಿನ ಬೆಳಕಿನಲ್ಲಿ ನದಿ, ಬೆಟ್ಟ, ರೈಲುಹಳಿ ನೋಡಿಕೊಂಡೇ ದಾರಿ ಹಿಡಿಯಬೇಕಿತ್ತು. ಹಾಗಾಗಿ ಇಂಧನ ತುಂಬಿಸಿಕೊಳ್ಳಲು, ಕತ್ತಲಾದರೆ ತಂಗಲು ನಡುದಾರಿಯಲ್ಲೊಂದು ನೆಲೆ ಬೇಕೇ ಬೇಕಿತ್ತು.

ಬಂದ ವಿಮಾನ ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪನಿಯ ಪುಸ್ ಮಾತ್. ಒಂದೇ ಎಂಜಿನ್, ಎರಡು–ಮೂರು ಜನ ಕೂರುವ ಮುಚ್ಚಿದ ಕ್ಯಾಬಿನ್, ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಬಿಗಿದ ಬಟ್ಟೆಯ ಹೊದಿಕೆ. ವೇಗ ಗಂಟೆಗೆ ಸುಮಾರು 170 ಕಿ.ಮೀ. ಇಳಿಯುವಾಗ ವೇಗ ತಗ್ಗಿಸಲು ಇದರಲ್ಲಿ ಒಂದು ಸರಳ ಏರ್ಪಾಡಿತ್ತು. ಚಕ್ರದ ಕಾಲುಗಳಿಗೆ ಹೊದಿಸಿದ ತೆಳು ಕವಚಗಳನ್ನು ಪೈಲಟ್ ಕಾಲು ಸುತ್ತಿನಷ್ಟು ತಿರುಗಿಸುತ್ತಿದ್ದ. ಗಾಳಿಗೆ ಅಂಚು ಕೊಟ್ಟು ನಿಂತಿದ್ದ ಕವಚ ಆಗ ಅಗಲವಾಗಿ ಎದುರು ನಿಂತು ವಿಮಾನವನ್ನು ಹಿಡಿದೆಳೆಯುತ್ತಿತ್ತು. ಕಾಂಕ್ರೀಟ್ ರನ್‌ವೇ ಇಲ್ಲದ ಕಾಲಕ್ಕೆ ಹೇಳಿ ಮಾಡಿಸಿದ ಉಪಾಯ ಅದು. ಇಂಥ ವಿಮಾನಕ್ಕೆ ಸಪಾಟಾದ ಮೈದಾನವೊಂದು ಸಾಕಾಗಿದ್ದರಿಂದಲೇ ಬಳ್ಳಾರಿಯಂಥ ಊರು ದೇಶದ ವಿಮಾನ ನಕ್ಷೆ ಸೇರಿತು.

ಟಾಟಾ ಸೇವೆಗೆ ಸರ್ಕಾರದ ಸಹಾಯಧನ ಇರಲಿಲ್ಲ. ಹೊತ್ತ ಟಪಾಲಿನ ತೂಕಕ್ಕೆ ತಕ್ಕಂತೆ ಹಣ ಸಿಗುತ್ತಿತ್ತು. ಆದರೂ ಮೊದಲ ವರ್ಷದಲ್ಲೇ 1,60,000 ಮೈಲಿ ಹಾರಾಟ, ಸುಮಾರು 10 ಟನ್ ಟಪಾಲು, 155 ಪ್ರಯಾಣಿಕರು ಮತ್ತು 60,000 ರೂಪಾಯಿ ಲಾಭ ದಾಖಲಾಯಿತು. ಕೆಲಕಾಲದಲ್ಲೇ ನಿಜಾಮರ ಸರ್ಕಾರದ ಕೋರಿಕೆಯಂತೆ ನಿಲುಗಡೆ ಬಳ್ಳಾರಿಯಿಂದ ಹೈದರಾಬಾದಿಗೆ ಸ್ಥಳಾಂತರವಾಯಿತು. ಮುತುವರ್ಜಿ ವಹಿಸಿ ಕೇಳುವ ಆಡಳಿತ ಅಲ್ಲಿತ್ತು. ಮದರಾಸು ಪ್ರಾಂತ್ಯದ ಅಂಚಿನ ಜಿಲ್ಲೆಯಾಗಿದ್ದ ಬಳ್ಳಾರಿಗೆ ಆ ಬಲ ಇರಲಿಲ್ಲ.

ವಿಮಾನ ಬೆಳೆಯಿತು, ನಿಲ್ದಾಣ ದೂರವಾಯಿತು

1930ರ ದಶಕದ ಅಮೆರಿಕದಲ್ಲಿ ಬೋಯಿಂಗ್ ಮತ್ತು ಡಗ್ಲಾಸ್ ಕಂಪನಿಗಳ ಪೈಪೋಟಿ ಪ್ರಯಾಣಿಕ ವಿಮಾನದ ಸ್ವರೂಪವನ್ನೇ ಬದಲಿಸಿತು. ಬೋಯಿಂಗ್ ತನ್ನ 247 ಮಾದರಿಯನ್ನು ಮೊದಲು ಯುನೈಟೆಡ್ ಸಂಸ್ಥೆಗೆ ಕೊಡಲು ಒಪ್ಪಿಕೊಂಡಿತ್ತು. ಸರದಿ ಕಾಯಲು ಮನಸ್ಸಿಲ್ಲದ ಟಿಡಬ್ಲ್ಯುಎ ಸಂಸ್ಥೆ ಡಗ್ಲಾಸ್ ಬಾಗಿಲು ತಟ್ಟಿತು. ಆ ಬೇಡಿಕೆಯಿಂದ ಹುಟ್ಟಿದ ಸರಣಿಯ ಮೂರನೆಯದು ಡಿಸಿ-3. ಅದರ ಮೊದಲ ಹಾರಾಟ 1935ರ ಡಿಸೆಂಬರ್ 17ರಂದು. ಎರಡನೆಯ ಮಹಾಯುದ್ಧಕ್ಕಾಗಿ ಇವು ಸಾವಿರಗಟ್ಟಲೆ ತಯಾರಾದವು. ಯುದ್ಧ ಮುಗಿದ ಮೇಲೆ ಅಗ್ಗದ ದರಕ್ಕೆ ಮಾರಾಟವಾಗಿ ‘ಡಕೋಟ’ ಎಂಬ ಹೆಸರಿನಲ್ಲಿ ಭಾರತದ ತುಂಬ ಹಾರಿದವು. 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ವಿಮಾನಗಳನ್ನು ರಿಪೇರಿ ಮಾಡಿ ನಾಗರಿಕ ಬಳಕೆಗೆ ಸಜ್ಜುಗೊಳಿಸಿತು.

1953 ಈ ಸೀಮೆಗೆ ದೊಡ್ಡ ವರ್ಷ. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟೆಯ ಕೆಲಸ ಪೂರ್ಣಗೊಂಡಿತು. ಅಕ್ಟೋಬರ್ 1ರಂದು ಬಳ್ಳಾರಿ ಮದರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯ ಸೇರಿತು. 1949ರಲ್ಲೇ ವಿಲೀನವಾಗಿದ್ದ ಸಂಡೂರೂ ಅದರೊಂದಿಗೆ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ದೇಶದ ವಿಮಾನ ಕಂಪನಿಗಳು ರಾಷ್ಟ್ರೀಕರಣಗೊಂಡು ಇಂಡಿಯನ್ ಏರ್‌ಲೈನ್ಸ್ ಹುಟ್ಟಿತು. ಬಳುವಳಿಯಾಗಿ ಬಂದ 99 ವಿಮಾನಗಳಲ್ಲಿ 74 ಡಕೋಟಗಳೇ.

ಡಕೋಟಕ್ಕೆ ವಯಸ್ಸಾದಾಗ ಅದರ ಸ್ಥಾನ ಹಿಡಿಯಲು ಯುರೋಪಿನ ಎರಡು ಕಂಪನಿಗಳು ಜಿದ್ದಿಗೆ ಬಿದ್ದವು. ಹಾಲೆಂಡಿನ ಫೋಕರ್ ರೆಕ್ಕೆಯನ್ನು ಮೇಲಿಟ್ಟ ಎಫ್-27 ಕಟ್ಟಿತು. ಇಂಗ್ಲೆಂಡಿನ ಆವ್ರೊ ರೆಕ್ಕೆಯನ್ನು ಕೆಳಗಿಟ್ಟ 748 ಕಟ್ಟಿತು. ಎರಡಕ್ಕೂ ಎಂಜಿನ್ ರೋಲ್ಸ್ ರಾಯ್ಸ್‌ನ ಡಾರ್ಟ್. ಭಾರತ ಫೋಕರನ್ನು ಕೊಂಡಿತು, ಆವ್ರೊವನ್ನು ಕಾನ್ಪುರದಲ್ಲಿ ತಾನೇ ತಯಾರಿಸಿತು. 1961ರಲ್ಲಿ ಆರಂಭವಾದ ಆ ತಯಾರಿಕೆ 1988ರವರೆಗೆ ನಡೆಯಿತು. ಚಿಕ್ಕ ಊರುಗಳಿಗೆ ಒಗ್ಗುವ ವಿಮಾನಗಳೆಂದರೆ ಇವೇ. ಆದರೆ 1970ರ ನಂತರ ಇಂಡಿಯನ್ ಏರ್‌ಲೈನ್ಸ್ ಬೋಯಿಂಗ್ 737ರ ಕಡೆಗೆ, 1989ರಲ್ಲಿ ಏರ್‌ಬಸ್ ಎ320ರ ಕಡೆಗೆ ವಾಲಿತು. ನೂರಕ್ಕೂ ಹೆಚ್ಚು ಸೀಟುಗಳ ಜೆಟ್ ತುಂಬಲು ಮಹಾನಗರಗಳೇ ಬೇಕು. ಸಣ್ಣ ಊರುಗಳ ಹೊಣೆಯನ್ನು 1981ರಲ್ಲಿ ಸ್ಥಾಪನೆಯಾದ ವಾಯುದೂತ್ ಹೊತ್ತಿತು. ನಷ್ಟದಲ್ಲಿ ಮುಳುಗಿದ ಅದನ್ನೂ 1990ರ ದಶಕದಲ್ಲಿ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಲೀನಗೊಳಿಸಲಾಯಿತು.

1986ರಲ್ಲಿ ಹಂಪಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಜಗತ್ತಿನ ಪ್ರವಾಸಿಗರು ಅಲ್ಲಿಗೆ ಬರತೊಡಗಿದರು. ಅವರ ದೊಡ್ಡ ವಿಮಾನಗಳು ಇಳಿದದ್ದು ಬೆಂಗಳೂರು, ಮುಂಬಯಿ, ಗೋವಾಗಳಲ್ಲಿ. ಅಲ್ಲಿಂದ ಹೊಸಪೇಟೆಗೆ ರಾತ್ರಿ ರೈಲು, ಇಲ್ಲವೇ ರಾತ್ರಿ ಬಸ್ಸು. ಹಂಪಿ ಎಕ್ಸ್‌ಪ್ರೆಸ್ ಇಂದಿಗೂ ಈ ಸೀಮೆಯ ಮುಖ್ಯ ಸಂಪರ್ಕವಾಗಿ ಉಳಿದಿದೆ. ಹೊಸಪೇಟೆಗೆ ಬರುವ ಯಾವ ವಿಮಾನಕ್ಕೂ ಮೊದಲ ಎದುರಾಳಿ ಈ ರೈಲೇ. ರಾತ್ರಿ ಮಲಗಿ ಬೆಳಿಗ್ಗೆ ಇಳಿಯುವವರಿಗೆ ಹಗಲಿನ ಹೊತ್ತು ವ್ಯರ್ಥವಾಗುವುದಿಲ್ಲ, ಟಿಕೆಟ್ ದರವೂ ಕಡಿಮೆ.

ಉಕ್ಕಿನ ಊರಿನ ರನ್‌ವೇ

ಈ ನೆಲಕ್ಕೆ ಮತ್ತೆ ವಿಮಾನ ತಂದದ್ದು ಅದಿರು. ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿಯವರು 1971ರಲ್ಲಿ ಅಡಿಗಲ್ಲು ಹಾಕಿದರು. ಸರ್ಕಾರಿ ಕಾರ್ಖಾನೆ ಮೇಲೇಳಲಿಲ್ಲ. 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಸ್ಥಾಪನೆಯಾಗಿ, ಅದರ ನೌಕರರಿಗಾಗಿ ವಿದ್ಯಾನಗರ ಎಂಬ ಟೌನ್‌ಶಿಪ್ ಎದ್ದಿತು. ಕಂಪನಿಯ ಅಧಿಕಾರಿಗಳು, ತಂತ್ರಜ್ಞರು, ಗ್ರಾಹಕರು ಓಡಾಡಲು ಅಲ್ಲಿ ರನ್‌ವೇ ನಿರ್ಮಾಣವಾಯಿತು. ಹೊಸಪೇಟೆ ಮತ್ತು ಬಳ್ಳಾರಿಗಳ ನಡುವೆ, ಹಂಪಿಯಿಂದ ಸುಮಾರು 40 ಕಿ.ಮೀ. ದೂರದಲ್ಲಿರುವ ಈ ನಿಲ್ದಾಣದ ಒಡೆತನ ಇಂದಿಗೂ ಕಾರ್ಖಾನೆಯದ್ದೇ.

ರನ್‌ವೇ ಇದ್ದರೂ ಅದಕ್ಕೆ ಒಗ್ಗುವ ಏರ್‌ಲೈನ್ ಬೇಕಲ್ಲ. ಅದಕ್ಕೆ ದಾರಿಮಾಡಿದವರು ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಸೇವೆ ಆರಂಭಿಸಿತು. ಗೋಪಿನಾಥ್ ಆರಿಸಿಕೊಂಡದ್ದು ಎಟಿಆರ್ ಎಂಬ ಎರಡು ಪ್ರೊಪೆಲ್ಲರ್‌ಗಳ ವಿಮಾನ. ಸಣ್ಣ ಊರಿನ ಜನರನ್ನು ಬೆಂಗಳೂರಿಗೆ ಮುಟ್ಟಿಸಬಹುದು ಎಂಬ ಅವರ ಲೆಕ್ಕಾಚಾರದ ಜಾಲದಲ್ಲಿ ವಿದ್ಯಾನಗರಕ್ಕೂ ಜಾಗ ಸಿಕ್ಕಿತು. 2008ರಲ್ಲಿ ಏರ್ ಡೆಕ್ಕನ್ ಕಿಂಗ್‌ಫಿಷರ್‌ನಲ್ಲಿ ಲೀನವಾಯಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್‌ನ ಹಾರಾಟವೇ ನಿಂತುಹೋಯಿತು.

ಚಿಕ್ಕ ವಿಮಾನಗಳಿಗೆ ಸರ್ಕಾರಿ ನಿಯಮಗಳ ಆಸರೆಯೂ ಇತ್ತು. 80ಕ್ಕಿಂತ ಕಡಿಮೆ ಸೀಟುಗಳ ವಿಮಾನಕ್ಕೆ ಇಳಿಯುವ ಶುಲ್ಕದಿಂದ ವಿನಾಯಿತಿ ಸಿಕ್ಕಿತು. 40 ಟನ್‌ಗಿಂತ ಹಗುರವಾದ ವಿಮಾನಗಳ ಇಂಧನಕ್ಕೆ ಶೇ 4ರಷ್ಟು ಮಾತ್ರ ಮಾರಾಟ ತೆರಿಗೆ ನಿಗದಿಯಾಯಿತು. ವಿಮಾನ ಸಂಸ್ಥೆಯ ಖರ್ಚಿನಲ್ಲಿ ಇಂಧನದ ಪಾಲೇ ಭಾರಿಯಾದುದರಿಂದ ಈ ಎರಡು ಗಡಿಗಳು ಬಹಳ ಮುಖ್ಯ. ವಿದ್ಯಾನಗರಕ್ಕೆ ಮುಂದೆ ಬಂದ ವಿಮಾನಗಳೆಲ್ಲ 80 ಸೀಟಿನ ಒಳಗಿನವೇ.

ಎಟಿಆರ್ ಮತ್ತು ಅದರ ಎದುರಾಳಿಗಳು

ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಬೋಯಿಂಗ್ ಮತ್ತು ಏರ್‌ಬಸ್‌ಗಳ ಪೈಪೋಟಿ. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿ ಪ್ರಕಟಿಸಿತು: ಏರ್‌ಬಸ್‌ಗೆ 250, ಬೋಯಿಂಗ್‌ಗೆ 220. ಅದೇ ವರ್ಷದ ಜೂನ್‌ನಲ್ಲಿ ಇಂಡಿಗೊ 500 ಏರ್‌ಬಸ್‌ಗಳಿಗೆ ಆರ್ಡರ್ ಕೊಟ್ಟಿತು. ಈ ಸಾವಿರಕ್ಕೆ ಸಮೀಪದ ವಿಮಾನಗಳು ಲೆಕ್ಕ ಹಾಕುವುದು ಮಹಾನಗರಗಳ ಜನಸಂದಣಿಯನ್ನು. ಸಂಡೂರು, ಹೊಸಪೇಟೆಗಳ ಪ್ರಯಾಣ ನಿಂತಿರುವುದು ಇನ್ನೊಂದು ಪೈಪೋಟಿಯ ಮೇಲೆ.

ಫ್ರಾನ್ಸಿನ ಏರೋಸ್ಪಾಸಿಯಾಲ್ ಮತ್ತು ಇಟಲಿಯ ಏರಿತಾಲಿಯಾ ಕಂಪನಿಗಳು ಕೂಡಿ 1981ರಲ್ಲಿ ಎಟಿಆರ್ ಸಂಸ್ಥೆ ಕಟ್ಟಿದವು. ಅದರ ನೆಲೆ ಫ್ರಾನ್ಸಿನ ತುಲೂಸ್. 1984ರಲ್ಲಿ ಎಟಿಆರ್-42, 1988ರಲ್ಲಿ ಉದ್ದ ಹೆಚ್ಚಿಸಿದ ಎಟಿಆರ್-72 ಮೊದಲು ಹಾರಿದವು. ಎದುರಾಳಿ ಕೆನಡಾದ ಡಿ ಹ್ಯಾವಿಲೆಂಡ್ ಕಟ್ಟಿದ ಡ್ಯಾಶ್-8. ಬಳ್ಳಾರಿಗೆ ಪುಸ್ ಮಾತ್ ಕಳಿಸಿದ ಇಂಗ್ಲೆಂಡಿನ ಡಿ ಹ್ಯಾವಿಲೆಂಡ್‌ನ ಶಾಖೆಯಾಗಿ ಹುಟ್ಟಿದ ಕಂಪನಿ ಅದು. 1986ರಲ್ಲಿ ಅದನ್ನು ಬೋಯಿಂಗ್ ಕೊಂಡಿತು. ಲಾಭ ಕಾಣದೆ ಮಾರಲು ಹೊರಟಾಗ ಕೊಳ್ಳಲು ಮುಂದೆ ಬಂದವರು ಎಟಿಆರ್‌ನ ಒಡೆಯರೇ. ಹಾಗಾದರೆ ಪೈಪೋಟಿಯೇ ಅಳಿದುಹೋಗುತ್ತದೆ ಎಂದು 1991ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಆಯೋಗ ಆ ವ್ಯವಹಾರವನ್ನು ತಡೆಯಿತು. ಯುರೋಪಿನ ವಿಲೀನ ನಿಯಮದ ಅಡಿಯಲ್ಲಿ ತಡೆಹಿಡಿದ ಮೊದಲ ಪ್ರಕರಣ ಅದು. ಮರುವರ್ಷ ಕೆನಡಾದ ಬೊಂಬಾರ್ಡಿಯೆ ಡ್ಯಾಶ್-8ರ ಕಾರ್ಖಾನೆಯನ್ನು ಕೊಂಡಿತು.

ಎರಡರ ಗುಣಗಳೂ ಬೇರೆ. ಡ್ಯಾಶ್-8ರ ದೊಡ್ಡ ಮಾದರಿ ಕ್ಯೂ-400 ಹೆಚ್ಚು ವೇಗದ್ದು, ಹೆಚ್ಚು ಶಕ್ತಿಯದ್ದು, ಅದಕ್ಕೆ ತಕ್ಕಂತೆ ಖರ್ಚಿನದ್ದು. ಎಟಿಆರ್ ನಿಧಾನ, ಗಂಟೆಗೆ 500 ಕಿ.ಮೀ. ಆಸುಪಾಸು. ಆದರೆ ಇಂಧನ ಕಡಿಮೆ ಕುಡಿಯುತ್ತದೆ. ಬೆಂಗಳೂರು ನಿಲ್ದಾಣದಿಂದ ವಿದ್ಯಾನಗರಕ್ಕೆ ಆಕಾಶದ ಗೆರೆಯಲ್ಲಿ ಸುಮಾರು 250 ಕಿ.ಮೀ., ಹೈದರಾಬಾದಿನಿಂದ ಸುಮಾರು 300 ಕಿ.ಮೀ. ಇಷ್ಟು ಹತ್ತಿರದ ಹಾರಾಟದಲ್ಲಿ ಏರುವುದು, ಇಳಿಯುವುದರಲ್ಲೇ ಬಹುಪಾಲು ಹೊತ್ತು ಹೋಗುತ್ತದೆ. ವೇಗದಿಂದ ಉಳಿಯುವುದು ಕೆಲವೇ ನಿಮಿಷ. ಇಂಧನದ ಉಳಿತಾಯವಾದರೆ ಪ್ರತಿ ಟಿಕೆಟ್ಟಿನಲ್ಲೂ ಕಾಣುತ್ತದೆ. ಸ್ಪೈಸ್‌ಜೆಟ್ ಕ್ಯೂ-400 ತಂದರೂ ಏರ್ ಡೆಕ್ಕನ್, ಕಿಂಗ್‌ಫಿಷರ್, ಜೆಟ್ ಏರ್‌ವೇಸ್, ಅಲಯನ್ಸ್ ಏರ್, ಇಂಡಿಗೊ ಎಟಿಆರ್‌ಗೇ ಒಲಿದವು.

ಸಣ್ಣ ನಿಲ್ದಾಣಕ್ಕೆ ಎಟಿಆರ್ ಹೇಗೆ ಒಗ್ಗುತ್ತದೆ ಎಂಬುದು ಅದು ನೆಲದ ಮೇಲೆ ನಿಂತಾಗ ಸ್ಪಷ್ಟವಾಗುತ್ತದೆ. ಪ್ರಯಾಣಿಕರ ಬಾಗಿಲು ಬಾಲದ ಕಡೆಗಿದೆ, ಸಾಮಾನಿನ ಬಾಗಿಲು ಮೂಗಿನ ಕಡೆಗೆ. ಬಾಗಿಲು ಕೆಳಕ್ಕೆ ತೆರೆದುಕೊಂಡರೆ ಅದೇ ಮೆಟ್ಟಿಲು. ಹೊರಗಿನ ಏಣಿ ಬೇಡ. ದೊಡ್ಡ ಜೆಟ್‌ಗಳ ಬಾಲದಲ್ಲಿ ಇರುವ ಸಣ್ಣ ಹೆಚ್ಚುವರಿ ಎಂಜಿನ್ ಇದರಲ್ಲಿಲ್ಲ. ಅದರ ಬದಲು ಬಲಗಡೆಯ ಎಂಜಿನ್ ಚಾಲೂ ಇರುತ್ತದೆ, ಪ್ರೊಪೆಲ್ಲರಿಗೆ ಮಾತ್ರ ಬ್ರೇಕ್ ಬಿದ್ದಿರುತ್ತದೆ. ಎಂಜಿನ್ನಿನ ಸದ್ದು ಕಿವಿಗೆ ಬೀಳುತ್ತಿದ್ದರೂ ಆರು ಅಲಗುಗಳು ಅಲ್ಲಾಡದೆ ನಿಂತಿರುತ್ತವೆ. ದೀಪಕ್ಕೆ ಕರೆಂಟು, ಒಳಗಿನ ತಂಪಿಗೆ ಗಾಳಿ ಅದರಿಂದಲೇ ಸಿಗುತ್ತದೆ. ಬೇಸಿಗೆಯ ಬಳ್ಳಾರಿ ಬಿಸಿಲಿನಲ್ಲಿ, ದೊಡ್ಡ ಸಲಕರಣೆಗಳಿಲ್ಲದ ನಿಲ್ದಾಣದಲ್ಲಿ ಇದು ಸಣ್ಣ ಅನುಕೂಲವಲ್ಲ.

ಉಡಾನ್ ಬಂದ ಮೇಲೆ

ಕೇಂದ್ರ ಸರ್ಕಾರ 2016ರ ಅಕ್ಟೋಬರ್‌ನಲ್ಲಿ ಉಡಾನ್ ಯೋಜನೆ ಜಾರಿಗೆ ತಂದಿತು. ಸುಮಾರು ಒಂದು ಗಂಟೆಯ, 500 ಕಿ.ಮೀ.ವರೆಗಿನ ಹಾರಾಟಕ್ಕೆ ಆಗ 2,500 ರೂಪಾಯಿ ದರಮಿತಿ ನಿಗದಿಯಾಯಿತು. ವಿಮಾನದ ಅರ್ಧದಷ್ಟು ಸೀಟುಗಳು, ಗರಿಷ್ಠ 40, ಈ ದರಕ್ಕೆ ಮೀಸಲು. ಖರ್ಚು ಮತ್ತು ದರದ ನಡುವಿನ ಕೊರತೆಯನ್ನು ಮೂರು ವರ್ಷ ಸರ್ಕಾರ ತುಂಬಿಕೊಡಬೇಕಿತ್ತು. ಅಷ್ಟು ಕಾಲ ಆ ಮಾರ್ಗ ಒಂದೇ ಸಂಸ್ಥೆಯದ್ದು. 2017ರ ಮಾರ್ಚ್‌ನಲ್ಲಿ ಪ್ರಕಟವಾದ ಮೊದಲ ಸುತ್ತಿನ 128 ಮಾರ್ಗಗಳಲ್ಲಿ ವಿದ್ಯಾನಗರವೂ ಸೇರಿತ್ತು.

ಗುತ್ತಿಗೆ ಹಿಡಿದದ್ದು ಹೈದರಾಬಾದಿನ ಟ್ರೂಜೆಟ್. 2015ರಲ್ಲಿ ಆರಂಭವಾದ ಆ ಸಂಸ್ಥೆಯ ಬಳಗದಲ್ಲಿ ಎಟಿಆರ್-72 ಬಿಟ್ಟು ಬೇರೆ ಮಾದರಿ ಇರಲಿಲ್ಲ. ಒಂದೇ ಮಾದರಿಯಾದರೆ ಪೈಲಟ್‌ಗಳ ತರಬೇತಿ, ಬಿಡಿಭಾಗ, ರಿಪೇರಿ ಎಲ್ಲ ಹಗುರ. 2017ರ ಸೆಪ್ಟೆಂಬರ್‌ನಿಂದ ಟ್ರೂಜೆಟ್ ವಿದ್ಯಾನಗರವನ್ನು ಹೈದರಾಬಾದ್ ಮತ್ತು ಬೆಂಗಳೂರಿಗೆ ಜೋಡಿಸಿತು. ಕಾರ್ಖಾನೆಗಾಗಿ ಕಟ್ಟಿದ ರನ್‌ವೇಯಲ್ಲಿ ಹಂಪಿಯ ಪ್ರವಾಸಿಗರು, ಹೊಸಪೇಟೆಯ ವ್ಯಾಪಾರಿಗಳು, ಚಿಕಿತ್ಸೆಗೆ ಹೊರಟವರು ಟಿಕೆಟ್ ಕೊಂಡು ಓಡಾಡಲು ಸಾಧ್ಯವಾದದ್ದು ಈ ಯೋಜನೆಯ ದೊಡ್ಡ ಫಲ.

ಮೂರು ವರ್ಷದ ನೆರವಿನ ಅವಧಿ ಮುಗಿಯುವ ಹೊತ್ತಿಗೆ ಕೋವಿಡ್ ಬಂತು. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ವಿಮಾನ ಸಂಚಾರ ಪೂರ್ತಿ ನಿಂತಿತು. ಹಣಕಾಸಿನ ಮುಗ್ಗಟ್ಟಿಗೆ ಸಿಕ್ಕ ಟ್ರೂಜೆಟ್ 2022ರ ಆರಂಭದಲ್ಲಿ ಹಾರಾಟ ನಿಲ್ಲಿಸಿತು. ಬಳಿಕ ಸರ್ಕಾರಿ ಸಂಸ್ಥೆಯಾದ ಅಲಯನ್ಸ್ ಏರ್‌ನ ಎಟಿಆರ್‌ಗಳು ಈ ಮಾರ್ಗಕ್ಕೆ ಬಂದವು. ಅದೇ ವರ್ಷದ ಜನವರಿಯಲ್ಲಿ, ಟಾಟಾ ಸೇವೆಯಿಂದಲೇ ಬೆಳೆದಿದ್ದ ಏರ್ ಇಂಡಿಯಾ ಮರಳಿ ಟಾಟಾ ಕೈಸೇರಿತ್ತು. ಅದರ ಅಂಗವಾಗಿದ್ದ ಅಲಯನ್ಸ್ ಏರ್ ಮಾತ್ರ ಸರ್ಕಾರದಲ್ಲೇ ಉಳಿಯಿತು.

ಬ್ರೆಜಿಲ್‌ನ ಜೆಟ್

ಆಮೇಲೆ ವಿದ್ಯಾನಗರಕ್ಕೆ ಜೆಟ್ ಬಂತು. ಕೊಲ್ಹಾಪುರದ ಸಂಜಯ್ ಘೋಡಾವತ್ ಸಮೂಹದ ಸ್ಟಾರ್ ಏರ್ 2019ರ ಜನವರಿಯಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ 50 ಸೀಟಿನ ಎಂಬ್ರಾಯರ್ 145 ಜೆಟ್‌ನೊಂದಿಗೆ ಹಾರಾಟ ಆರಂಭಿಸಿತ್ತು. 2023ರಲ್ಲಿ ಅದು ದೊಡ್ಡ ಎಂಬ್ರಾಯರ್ 175 ತಂದು, ವಿದ್ಯಾನಗರವನ್ನೂ ತನ್ನ ಜಾಲಕ್ಕೆ ಸೇರಿಸಿಕೊಂಡಿತು. ಈ ವಿಮಾನದಲ್ಲಿ 76 ಸೀಟು, ಅವುಗಳಲ್ಲಿ 12 ಬಿಸಿನೆಸ್ ದರ್ಜೆಯವು. 80ರ ಗಡಿಯೊಳಗೆ ಉಳಿದೂ ಜೆಟ್ ವೇಗ ಕೊಡುವ ಹಂಚಿಕೆ ಇದು. 250 ಕಿ.ಮೀ.ಗಷ್ಟೇ ನೋಡಿದರೆ ಜೆಟ್ ದುಬಾರಿ. ಆದರೆ ಅದೇ ವಿಮಾನ ಅದೇ ದಿನ ದೂರದ ಇನ್ನೊಂದು ನಗರಕ್ಕೂ ಹೋಗಿಬರಬಲ್ಲದು. ಸಂಸ್ಥೆಯ ಲಾಭದ ಲೆಕ್ಕ ಅಲ್ಲಿ ಕೂಡಿಬರುತ್ತದೆ.

ಎಂಬ್ರಾಯರ್ 1969ರಲ್ಲಿ ಬ್ರೆಜಿಲ್ ಸರ್ಕಾರ ಸ್ಥಾಪಿಸಿದ ಕಂಪನಿ. ಸಣ್ಣ ಜೆಟ್‌ಗಳ ಮಾರುಕಟ್ಟೆಯಲ್ಲಿ ಅದರ ಎದುರಾಳಿಯೂ ಬೊಂಬಾರ್ಡಿಯೆಯೇ. ಎರಡೂ ದೇಶಗಳು ತಮ್ಮ ಕಂಪನಿಗೆ ಕೊಡುತ್ತಿದ್ದ ನೆರವಿನ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆಸಿದವು. ಕೊನೆಗೆ ಬೊಂಬಾರ್ಡಿಯೆಯ ಸಿ-ಸೀರೀಸ್ ಜೆಟ್ ಮಾದರಿ 2018ರಲ್ಲಿ ಏರ್‌ಬಸ್ ಕೈಸೇರಿ ಎ220 ಆಯಿತು. ಅದಕ್ಕೆ ಉತ್ತರವಾಗಿ ಎಂಬ್ರಾಯರನ್ನು ಕೂಡಿಕೊಳ್ಳಲು ಹೊರಟ ಬೋಯಿಂಗ್ 2020ರ ಏಪ್ರಿಲ್‌ನಲ್ಲಿ ಹಿಂದೆ ಸರಿಯಿತು. ಬೊಂಬಾರ್ಡಿಯೆ ಪ್ರಯಾಣಿಕ ವಿಮಾನಗಳ ವ್ಯವಹಾರವನ್ನೇ ಬಿಟ್ಟಿತು. ಡ್ಯಾಶ್-8ರ ತಯಾರಿಕೆ 2021ರಲ್ಲಿ ನಿಂತಿತು. ಹೀಗಾಗಿ 70 ಸೀಟಿನ ಹೊಸ ಪ್ರೊಪೆಲ್ಲರ್ ವಿಮಾನ ಬೇಕೆಂದರೆ ಎಟಿಆರ್ ಬಿಟ್ಟರೆ ಬೇರೆ ದಾರಿ ಹೆಚ್ಚುಕಡಿಮೆ ಇಲ್ಲವಾಯಿತು. ಅದರ ಅರ್ಧ ಒಡೆತನವೂ ಈಗ ಏರ್‌ಬಸ್‌ನದ್ದೇ. 1991ರಲ್ಲಿ ಯುರೋಪಿಯನ್ ಆಯೋಗ ಅಂಜಿದ ಸ್ಥಿತಿ ಮೂವತ್ತು ವರ್ಷಗಳ ಬಳಿಕ ತಾನಾಗಿ ಬಂದಿತು. ತಯಾರಕರು ಕಡಿಮೆಯಾದಷ್ಟೂ ಚಿಕ್ಕ ಊರಿನ ಏರ್‌ಲೈನ್‌ಗಳಿಗೆ ಆಯ್ಕೆ ಕಡಿಮೆ, ವಿಮಾನದ ಬಾಡಿಗೆಯಲ್ಲಿ ಚೌಕಾಸಿಗೆ ಅವಕಾಶವೂ ಕಡಿಮೆ.

ಬೇರೆ ಪ್ರಯತ್ನಗಳು ಮತ್ತು ಇಂದಿನ ಸ್ಥಿತಿ

ಈ ಸೀಮೆಯಲ್ಲಿ ಇನ್ನೂ ಕೆಲವು ಪ್ರಯತ್ನಗಳು ನಡೆದಿವೆ. ಬಳ್ಳಾರಿ ಬಳಿಯ ಚಾಗನೂರು–ಸಿರಿವಾರದಲ್ಲಿ ಹೊಸ ನಿಲ್ದಾಣ ಕಟ್ಟುವ ಯೋಜನೆಗೆ ನೀರಾವರಿ ಜಮೀನು ಕಳೆದುಕೊಳ್ಳುವ ರೈತರು ವಿರೋಧ ವ್ಯಕ್ತಪಡಿಸಿದರು, ಕೆಲಸ ಕುಂಟಿತು. ಹೊಸಪೇಟೆಯ ಗಣಿ ಕಂಪನಿ ಎಂಎಸ್‌ಪಿಎಲ್ ಕೊಪ್ಪಳದ ಗಿಣಿಗೇರಾ ಬಳಿ ತನ್ನದೇ ಏರ್‌ಸ್ಟ್ರಿಪ್ ಹೊಂದಿದೆ. ಅದನ್ನು ಸಾರ್ವಜನಿಕ ಸೇವೆಗೆ ಬಳಸುವ ಬಗ್ಗೆ ಸರ್ಕಾರದೊಂದಿಗೆ ಮಾತುಕತೆ ನಡೆದರೂ ನಿಯತ ವಿಮಾನ ಬರಲಿಲ್ಲ. ಹಂಪಿ ಉತ್ಸವದ ದಿನಗಳಲ್ಲಿ ಹೆಲಿಕಾಪ್ಟರ್ ಏರಿ ಸ್ಮಾರಕಗಳನ್ನು ನೋಡುವ ಏರ್ಪಾಡು ಜನಪ್ರಿಯವಾಗಿದೆ. ಅದು ಪ್ರವಾಸದ ಆಕರ್ಷಣೆಯೇ ಹೊರತು ಸಾರಿಗೆಯಲ್ಲ.

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಎರಡು ಜಿಲ್ಲೆಗಳಿಗೂ ಆಸರೆಯಾದ ನಿಯತ ವಿಮಾನ ನಿಲ್ದಾಣ ಒಂದೇ, ಅದೂ ಖಾಸಗಿಯದು. ಏರ್‌ಲೈನ್‌ಗಳು ಬದಲಾದಾಗಲೆಲ್ಲ ಸಂಪರ್ಕ ಕಡಿದು, ಪ್ರವಾಸಿಗರೂ ರೋಗಿಗಳೂ ಮತ್ತೆ ರಸ್ತೆ, ರೈಲುಗಳ ಕಡೆಗೆ ಹೊರಳಬೇಕಾಯಿತು. ಉಡಾನ್‌ನ ಮೂರು ವರ್ಷದ ನೆರವು ಮಾರ್ಗ ಹುಟ್ಟಿಸಲು ಸಾಕಾಯಿತು, ಬೇರೂರಿಸಲು ಸಾಲಲಿಲ್ಲ. ವಿಶ್ವ ಪರಂಪರೆಯ ತಾಣ, ದೇಶದ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲೊಂದು, ಸಮೃದ್ಧ ಅದಿರು ಒಂದೇ ಕಡೆ ಇರುವ ಸೀಮೆಗೆ ಸ್ಥಿರವಾದ ಸೇವೆ ಸಿಗಬೇಕಾದದ್ದು ನ್ಯಾಯ. ಅದಕ್ಕೆ ರನ್‌ವೇಯಷ್ಟೇ ಮುಖ್ಯ, ತಕ್ಕ ಗಾತ್ರದ ವಿಮಾನ ತಕ್ಕ ಬೆಲೆಗೆ ಸಿಗುವುದು.

ಆ ದಿಕ್ಕಿನಲ್ಲಿ ಭಾರತದಲ್ಲೂ ಪ್ರಯತ್ನಗಳು ಶುರುವಾಗಿವೆ. ಕಾನ್ಪುರದಲ್ಲಿ ತಯಾರಾದ 228 ಮಾದರಿಯ ಡಾರ್ನಿಯರ್ ವಿಮಾನ 2022ರಲ್ಲಿ ಅಲಯನ್ಸ್ ಏರ್ ಮೂಲಕ ಈಶಾನ್ಯ ರಾಜ್ಯಗಳಲ್ಲಿ ಪ್ರಯಾಣಿಕ ಸೇವೆಗೆ ಇಳಿಯಿತು. ಹಿಂದುಸ್ತಾನ್ ಏರ್‌ಕ್ರಾಫ್ಟ್‌ನಿಂದ ಬೆಳೆದ ಬೆಂಗಳೂರಿನ ಎಚ್‌ಎಎಲ್ 2025ರ ಅಕ್ಟೋಬರ್‌ನಲ್ಲಿ ರಷ್ಯಾದ ಎಸ್‌ಜೆ-100 ಜೆಟ್ ತಯಾರಿಕೆಗಾಗಿ ಒಡಂಬಡಿಕೆಗೆ ಸಹಿ ಹಾಕಿತು. ಇದು ಕೈಗೂಡಿದರೆ ಆವ್ರೊ ನಂತರ ದೇಶದಲ್ಲಿ ಪೂರ್ತಿಯಾಗಿ ಕಟ್ಟುವ ಮೊದಲ ದೊಡ್ಡ ಪ್ರಯಾಣಿಕ ವಿಮಾನವಾಗುತ್ತದೆ. ಸುಮಾರು 100 ಸೀಟಿನ ಈ ಜೆಟ್ 80ರ ಗಡಿಯನ್ನು ದಾಟುತ್ತದೆ. ವಿದ್ಯಾನಗರದಂಥ ನಿಲ್ದಾಣಗಳಿಗೆ ಅದು ಬರಬೇಕಾದರೆ ರನ್‌ವೇಯ ಜೊತೆಗೆ ಶುಲ್ಕದ ನಿಯಮಗಳೂ ಬದಲಾಗಬೇಕಾಗುತ್ತದೆ.